ಸ್ಟಿಕ್ ಕೆಳಗಿಟ್ಟ ಮೇಲೆ (ಇತಿಹಾಸ ಸರಣಿ, ಭಾಗ 9)

1/6
ಒಂದು ಪ್ರಶ್ನೆ. ದೇಶಕ್ಕೆ ಆಡಿದ ಹಾಕಿ ಆಟಗಾರನಿಗೆ ಮೂವತ್ತು ದಾಟಿದ ಮೇಲೆ ಏನಾಗುತ್ತೆ? ಮೆಡಲ್ ಗೋಡೆ ಮೇಲಿರುತ್ತೆ, ಮಂಡಿ ನೋಯ್ತಿರುತ್ತೆ, ಪೇಪರ್‌ನವರು ಬೇರೆಯವರ ಹಿಂದೆ ಹೋಗಿರ್ತಾರೆ. ಆಮೇಲೆ?

ಈ ಪ್ರಶ್ನೆ ನಮಗೂ ಸಂಬಂಧಪಟ್ಟಿದ್ದೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಳಗ್ಗೆ ಬಸ್ ಹತ್ತಿ ಹಾಸನಕ್ಕೆ ಬರೋ ನಿಮ್ಮಲ್ಲಿ ಎಷ್ಟೋ ಜನ ಹೈಸ್ಕೂಲಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದೋರು. ಖೋ ಖೋ, ವಾಲಿಬಾಲ್, ಕಬಡ್ಡಿ, ಹಾಕಿ. ಡಿಗ್ರಿಗೆ ಸೇರಿದ ಮೇಲೆ "ಇನ್ನು ಆಡಿ ಏನು ಬಂತು" ಅಂತ ಶೂ ಮೂಲೆಗೆ ಎಸೆದಿದ್ದೀರಿ. ಇವತ್ತಿನ ಭಾಗ ನಿಮಗೋಸ್ಕರ.

2/6
ರಾಮನಾಥಪುರದಲ್ಲಿ ನಾವು ನೋಡೋ ಕಾವೇರಿ ಬರೋದು ಕೊಡಗಿನಿಂದ. ಅರಕಲಗೂಡಿನಿಂದ ಕೊಣನೂರು ದಾಟಿದ್ರೆ ಜಿಲ್ಲೆಯೇ ಬದಲಾಗುತ್ತೆ, ಜೊತೆಗೆ ಆಟವೂ. ಅಲ್ಲಿ ಹಾಕಿ ಅಂದ್ರೆ ಮನೆತನದ ವಿಷಯ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಂಡದ ಹೆಸರು ಅಂದ್ರೆ ಮನೆ ಹೆಸರೇ.

ಆ ಕೊಡಗಿನವರು ಎಂ.ಪಿ. ಗಣೇಶ್. ಹುಟ್ಟಿದ್ದು 1946ರಲ್ಲಿ. ಮೊದಲು ಫುಟ್‌ಬಾಲ್ ಆಡ್ತಿದ್ದರು, ಸೇನೆಗೆ ಸೇರಿದ ಮೇಲೆ ಹಾಕಿ ಅವರ ಆಟವಾಯ್ತು. 1971ರ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರ ವಿಶ್ವಕಪ್‌ಗೆ ಅವರೇ ಭಾರತದ ನಾಯಕ.

ಆ ಫೈನಲ್ ಕಥೆ ಕೇಳಿ. ಎದುರಿಗೆ ಆತಿಥೇಯ ನೆದರ್ಲೆಂಡ್ಸ್. ಸುರ್ಜಿತ್ ಸಿಂಗ್ ಎರಡು ಗೋಲ್ ಹೊಡೆದು ಭಾರತ 2-0 ಮುಂದೆ. ಡಚ್ಚರು 2-2 ಮಾಡಿದ್ರು. ಹೆಚ್ಚುವರಿ ಸಮಯದಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ತು. ಅದೊಂದು ಒಳಗೆ ಹೋದ್ರೆ ಕಪ್ ನಮ್ಮದು. ಹೊಡೆಯೋಕೆ ನಿಂತವರು ಬಿ.ಪಿ. ಗೋವಿಂದ, ಅವರೂ ಕೊಡಗಿನವರೇ. ಗೋಲ್ ಆಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ಸೋತ್ವಿ, ಬೆಳ್ಳಿ ಬಂತು. ಎರಡು ವರ್ಷ ಬಿಟ್ಟು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನ 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಗೋವಿಂದ ತಂಡದಲ್ಲಿದ್ರು. ಗಣೇಶ್ ಇರಲಿಲ್ಲ.

ನಾಯಕನಾಗಿ ಕಪ್‌ನ ಅಷ್ಟು ಹತ್ತಿರ ಹೋದವರಿಗೆ ಆಟಗಾರನಾಗಿ ಇನ್ನೊಂದು ಅವಕಾಶ ಸಿಗಲಿಲ್ಲ. ಅವರು ಆಮೇಲೆ ಕೋಚ್ ಆದ್ರು.

3/6
ಆದ್ರೆ ಕಲಿಸೋದು ಏನನ್ನ? ಇಲ್ಲೇ ಇದೆ ನಿಜವಾದ ತೊಂದರೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನ ಕೃತಕ ಹುಲ್ಲಿನ ಮೇಲೆ ಆಡಿಸಿದ್ರು. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದಿದ್ದ ಭಾರತ ಏಳನೇ ಸ್ಥಾನಕ್ಕೆ ಬಿತ್ತು. ಕಾರಣ ಸರಳ. ನಮ್ಮವರು ಕಲಿತಿದ್ದು ನಿಜವಾದ ಹುಲ್ಲಿನ ಮೇಲೆ. ಅಲ್ಲಿ ಚೆಂಡು ಕುಪ್ಪಳಿಸುತ್ತೆ, ನಿಲ್ಲುತ್ತೆ, ಮಣಿಕಟ್ಟಿನ ಜಾದೂ ಕೆಲಸ ಮಾಡುತ್ತೆ. ಟರ್ಫ್ ಮೇಲೆ ಚೆಂಡು ನೇರ ಓಡುತ್ತೆ, ನೀವೂ ಅಷ್ಟೇ ಜೋರಾಗಿ ಓಡ್ಬೇಕು. ಡ್ರಿಬ್ಲಿಂಗ್‌ಗಿಂತ ಪಾಸು, ದಮ್ಮು, ಪೆನಾಲ್ಟಿ ಕಾರ್ನರ್ ಮುಖ್ಯ ಆಯ್ತು. ಟರ್ಫ್ ಹಾಸೋಕೆ ಕೋಟಿಗಟ್ಟಲೆ ಬೇಕು. ಹಾಗಾಗಿ ನಮ್ಮ ಮಕ್ಕಳು ಮಣ್ಣಿನ ಮೇಲೆ ಕಲಿತು ದೊಡ್ಡ ಮ್ಯಾಚನ್ನ ಟರ್ಫ್ ಮೇಲೆ ಆಡೋ ಪರಿಸ್ಥಿತಿ ಎಷ್ಟೋ ವರ್ಷ ಇತ್ತು.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಇಪ್ಪತ್ತು ವರ್ಷ ಕೂಡಿಟ್ಟ ಆಸ್ತಿಯ ಬೆಲೆ ಒಂದೇ ಸಲಕ್ಕೆ ಇಳಿದುಹೋಯ್ತು. ಹುಲ್ಲಿನ ಕಾಲದ ಆಟಗಾರ ಟರ್ಫ್ ಕಾಲಕ್ಕೆ ಕೋಚ್ ಆಗ್ಬೇಕು ಅಂದ್ರೆ ತಾನು ಮೊದಲು ಮತ್ತೆ ವಿದ್ಯಾರ್ಥಿ ಆಗ್ಬೇಕು. 1988ರ ಸಿಯೋಲ್ ಒಲಿಂಪಿಕ್ಸ್‌ಗೆ ಗಣೇಶ್ ಕೋಚ್, ಇನ್ನೊಬ್ಬ ಕೊಡಗಿನವರು ಎಂ.ಎಂ. ಸೋಮಯ್ಯ ನಾಯಕ. ಭಾರತಕ್ಕೆ ಆರನೇ ಸ್ಥಾನ. ಪದಕದ ಪಟ್ಟಿ ನೋಡಿದ್ರೆ ಆ ವರ್ಷ ಏನೂ ಇಲ್ಲ. ಆ ತಂಡದ ಪಟ್ಟಿ ನೋಡಿ, ಅಲ್ಲಿ ಬೆಂಗಳೂರಿನ ಇಪ್ಪತ್ಮೂರರ ಹುಡುಗ ಒಬ್ಬ ಇದ್ದಾನೆ.

4/6
ಹೆಸರು ಜೂಡ್ ಫೆಲಿಕ್ಸ್. ಮಿಡ್‌ಫೀಲ್ಡ್ ಆಟಗಾರ. 1988 ಮತ್ತು 1992, ಎರಡು ಒಲಿಂಪಿಕ್ಸ್. ಮುಂದೆ ಭಾರತದ ನಾಯಕ, ಅರ್ಜುನ ಪ್ರಶಸ್ತಿ. ಆಮೇಲೆ ಸಿಂಗಪುರಕ್ಕೆ ಹೋಗಿ ಅಲ್ಲಿ ಕ್ಲಬ್ ಹಾಕಿ ಆಡಿದ್ರು, ಆ ದೇಶದ ತಂಡಕ್ಕೇ ಕೋಚ್ ಆದ್ರು.

ಅಲ್ಲೇ ಆರಾಮಾಗಿ ಇರಬಹುದಿತ್ತು. ವಾಪಸ್ ಬಂದು 2009ರಲ್ಲಿ ಬೆಂಗಳೂರಲ್ಲಿ ತಮ್ಮ ಹೆಸರಿನ ಹಾಕಿ ಅಕಾಡೆಮಿ ಶುರು ಮಾಡಿದ್ರು. ಅಲ್ಲಿ ಸ್ಟಿಕ್ ಹಿಡಿದವರಲ್ಲಿ ಅನಾಥಾಶ್ರಮದ ಮಕ್ಕಳಿದ್ರು. ಸ್ಟಿಕ್, ಶೂ, ಪ್ಯಾಡ್, ಊಟ, ಓಡಾಟ ಎಲ್ಲದಕ್ಕೂ ದುಡ್ಡು ಬೇಕಾಗೋ ಆಟ ಇದು. ಮನೆಯಿಂದ ಕೊಡೋರೇ ಇಲ್ಲದ ಮಕ್ಕಳಿಗೆ ಒಬ್ಬ ಒಲಿಂಪಿಯನ್ ಸ್ಟಾಪಿಂಗ್, ಪಾಸಿಂಗ್ ಹೇಳಿಕೊಡೋದು ಅಂದ್ರೆ ಏನು ಅಂತ ಯೋಚನೆ ಮಾಡಿ.

5/6
ಈಗ ಸರಪಳಿ ನೋಡಿ. 2014ರಲ್ಲಿ ಟೆರ‍್ರಿ ವಾಲ್ಶ್ ಭಾರತ ತಂಡದ ಮುಖ್ಯ ಕೋಚ್ ಆಗಿದ್ದಾಗ ಜೂಡ್ ಫೆಲಿಕ್ಸ್ ಸಹಾಯಕ ಕೋಚ್. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1-1, ಶೂಟೌಟ್‌ನಲ್ಲಿ 4-2. ಹದಿನಾರು ವರ್ಷದ ಮೇಲೆ ಚಿನ್ನ, ರಿಯೊ ಒಲಿಂಪಿಕ್ಸ್‌ಗೆ ನೇರ ಟಿಕೆಟ್. ಆ ತಂಡದಲ್ಲಿ ವಿ.ಆರ್. ರಘುನಾಥ್ ಇದ್ರು, ನಮ್ಮ ಪಕ್ಕದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ರು. ಗಣೇಶ್ ಕಾಲದ ಹುಡುಗ ಜೂಡ್, ಜೂಡ್ ಕಾಲದ ಹುಡುಗ ಸುನಿಲ್. ಸೋತ ಸಿಯೋಲ್‌ನಿಂದ ಗೆದ್ದ ಇಂಚಿಯಾನ್‌ಗೆ ದಾರಿ ಹೀಗೂ ಒಂದು ಇದೆ.

ಆದ್ರೆ ಕಲಿಸಿದವರ ಲೆಕ್ಕ ಯಾವಾಗ್ಲೂ ತಡವಾಗಿ ಬರೆಯಲ್ಪಡುತ್ತೆ. ಆಟಗಾರರಿಗೆ ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ, ಕೋಚ್‌ಗಳಿಗೆ ದ್ರೋಣಾಚಾರ್ಯ 1985ರಲ್ಲಿ. ಗಣೇಶ್ ಅವರಿಗೆ ಅರ್ಜುನ 1973ರಲ್ಲೇ ಬಂತು, ಪದ್ಮಶ್ರೀ ಬಂದಿದ್ದು 2020ರಲ್ಲಿ. ಅದೇ 2020ರಲ್ಲಿ ಜೂಡ್‌ಗೆ ದ್ರೋಣಾಚಾರ್ಯ. ಆ ವರ್ಷದ ಪಟ್ಟಿಯಲ್ಲಿ ಕರ್ನಾಟಕದ ಇನ್ನೊಬ್ಬರಿದ್ರು: ಅಶ್ವಿನಿ ನಾಚಪ್ಪ ಅವರಂಥ ಓಟಗಾರ್ತಿಯರನ್ನ ತಯಾರು ಮಾಡಿದ ಪುರುಷೋತ್ತಮ ರೈ. ಸಮಾರಂಭ ಆಗಸ್ಟ್ 29ಕ್ಕೆ. ಹಿಂದಿನ ದಿನ ಅವರು ರಿಹರ್ಸಲ್‌ನಲ್ಲಿ ಭಾಗವಹಿಸಿದ್ರು. ಅವತ್ತೇ ಹೃದಯಾಘಾತದಿಂದ ತೀರಿಕೊಂಡ್ರು. ವಯಸ್ಸು 79.

ಈ ಸಾಲನ್ನ ಇನ್ನೊಂದ್ಸಲ ಓದಿ. ಒಂದು ದಿನ ತಡ.

6/6
ಹಾಗಾಗಿ ನಿಮಗೆ ಎರಡು ಮಾತು.

ಒಂದು, ನಿಮ್ಮ ಆಟ ಮುಗೀತು ಅಂತ ಇಪ್ಪತ್ತಕ್ಕೇ ಬರೆದುಕೊಳ್ಳಬೇಡಿ. ದೇಶಕ್ಕೆ ಆಡೋರು ಬೆರಳೆಣಿಕೆ, ಅದು ನಿಜ. ಆದ್ರೆ ಭಾನುವಾರ ಬೆಳಗ್ಗೆ ಊರಿನ ಶಾಲೆ ಮೈದಾನದಲ್ಲಿ ಹತ್ತು ಮಕ್ಕಳಿಗೆ ಸರಿಯಾಗಿ ನಿಲ್ಲೋದು, ಬಗ್ಗೋದು, ಪಾಸು ಕೊಡೋದು ಹೇಳಿಕೊಡೋಕೆ ಜಿಲ್ಲಾ ಮಟ್ಟದ ಅನುಭವ ಧಾರಾಳ ಸಾಕು. ಓದೂ ನಡೀಲಿ, ಇದೂ ನಡೀಲಿ. ಮನಸ್ಸಿದ್ರೆ ಇದನ್ನೇ ಕೆಲಸ ಮಾಡಿಕೊಳ್ಳೋಕೂ ದಾರಿ ಇದೆ: ಬಿಪಿಎಡ್ ಇದೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸ್ ಇದೆ.

ಎರಡು, ನಿಮಗೆ ಮೊದಲು ಸೀಟಿ ಊದಿದ ಪಿಟಿ ಸರ್ ಅಥವಾ ಮೇಡಂ ಈಗ ಎಲ್ಲಿದ್ದಾರೆ? ರಿಟೈರ್ ಆಗಿ ಅದೇ ಊರಲ್ಲಿ ತೆಂಗಿನ ತೋಟ ನೋಡ್ಕೊಂಡಿರಬಹುದು. ಅವರಿಗೆ ಪ್ರಶಸ್ತಿ ಕೊಡೋ ಅಧಿಕಾರ ನಮಗಿಲ್ಲ. ಫೋನ್ ಮಾಡೋ ಅಧಿಕಾರ ಇದೆ. ಈ ವಾರವೇ ಮಾಡಿ.

ಕಾಮೆಂಟಲ್ಲಿ ನಿಮ್ಮ ಊರು, ಆಡ್ತಿದ್ದ ಆಟ ಬರೀರಿ. ಒಂದೇ ತಾಲ್ಲೂಕಿನವರು ಹತ್ತು ಜನ ಸಿಕ್ಕಿದ್ರೂ ಒಂದು ಭಾನುವಾರ ಸೇರೋಣ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಹಾಕಿ #ಇತಿಹಾಸಸರಣಿ