ಆದೇಶ

ಸಂಸ್ಕೃತದ ‘ದಿಶ್’ ಧಾತುವಿಗೆ ತೋರಿಸು ಎಂಬ ಅರ್ಥ. ‘ಆ’ ಸೇರಿ ಆದೇಶ. ಕಚೇರಿಯಲ್ಲಿ ಅದು ಅಪ್ಪಣೆ. ವ್ಯಾಕರಣದಲ್ಲಿ, ಪಾಣಿನಿಯ ಕಾಲದಿಂದಲೂ, ಒಂದರ ಜಾಗಕ್ಕೆ ಬಂದು ಕೂರುವ ಇನ್ನೊಂದು. ಮಳೆಗೆ ಕಾಲ ಸೇರಿದರೆ ‘ಕ’ ಹೋಗಿ ‘ಗ’ ಬಂತು, ಮಳೆಗಾಲವಾಯಿತು.

ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳನ್ನು ಬರೆದಿಡುವ ಶೆಲ್ ಸ್ಕ್ರಿಪ್ಟಿನಲ್ಲಿ ಈ ಎರಡೂ ಅರ್ಥ ಕೂಡುತ್ತವೆ, ನನಗೆ ಈ ಪದ ಇಷ್ಟವಾಗುವುದೇ ಅದಕ್ಕೆ. ಸಕ್ಕರೆ ಕಾರ್ಖಾನೆಯ ಊರಾದ ಕುಂತೂರಿನಲ್ಲಿ ಕಬ್ಬಿನ ತೂಕದ ಲೆಕ್ಕವನ್ನು ದಿನಕ್ಕೊಂದು ಫೋಲ್ಡರಿನಲ್ಲಿ ಇಡಬೇಕು ಎನ್ನಿ. ಫೋಲ್ಡರ್ ಮಾಡುವ ಕಮಾಂಡಿನ ನಂತರ ಡಾಲರ್ ಚಿಹ್ನೆ ಹಾಕಿ, ಆವರಣದೊಳಗೆ ಇಂದಿನ ತಾರೀಖು ಹೇಳುವ ‘ಡೇಟ್’ ಕಮಾಂಡನ್ನು ಬರೆಯುತ್ತೇವೆ. ಒಳಗಿನ ಅಪ್ಪಣೆ ಮೊದಲು ನಡೆಯುತ್ತದೆ. ಅದರ ಉತ್ತರ ಅದರದೇ ಜಾಗದಲ್ಲಿ ಕೂತು ಹೊರಗಿನ ಅಪ್ಪಣೆಗೆ ಸಿಗುತ್ತದೆ. 1979ರ ಬೋರ್ನ್ ಶೆಲ್‌ನಲ್ಲಿ ಇದಕ್ಕೆ ಹಿಮ್ಮುಖ ಉದ್ಧರಣ ಚಿಹ್ನೆ ಬಳಸುತ್ತಿದ್ದರು. ಡಾಲರ್ ರೂಪ ಬಂದದ್ದು ಡೇವಿಡ್ ಕಾರ್ನ್ ಅವರ ಶೆಲ್‌ನಿಂದ. ಒಂದರೊಳಗೊಂದು ಹೆಣೆಯಲು ಅದೇ ಸಲೀಸು.

ಜೋಪಾನ ಬೇಕು. ‘ಡೇಟ್’ನ ಉತ್ತರದಲ್ಲಿ ಖಾಲಿ ಜಾಗಗಳಿರುತ್ತವೆ. ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕುವುದು ಮರೆತರೆ ವಾರಕ್ಕೊಂದು, ತಿಂಗಳಿಗೊಂದು, ತಾರೀಖಿಗೊಂದು ಫೋಲ್ಡರ್ ಹುಟ್ಟುತ್ತದೆ. ಒಂಟಿ ಚಿಹ್ನೆ ಹಾಕಿದರೆ ಆದೇಶವೇ ಇಲ್ಲ, ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಸಂಧಿಯಾಗದೆ ಉಳಿಯುವ ಇಂಥ ಸ್ಥಿತಿಗೂ ನಮ್ಮ ವ್ಯಾಕರಣದಲ್ಲಿ ಹೆಸರಿದೆ: ಪ್ರಕೃತಿಭಾವ.