ಹದಿನಾರಾಣೆಯ ಮಣ್ಣು

ಹೊಲದ ಯೋಗ್ಯತೆಯನ್ನು ಅದು ಕೊಡುವ ಫಸಲಿನಿಂದ ಅಳೆಯಬೇಕೆ ಅಥವಾ ಅದರ ಮಣ್ಣನ್ನೇ ನೋಡಿ ನಿರ್ಧರಿಸಬೇಕೆ ಎಂಬ ಪ್ರಶ್ನೆಗೆ ಕನ್ನಡನಾಡಿನ ಕಂದಾಯದ ಇತಿಹಾಸದಲ್ಲಿ ಎರಡು ಬಗೆಯ ಉತ್ತರಗಳು ಸಿಗುತ್ತವೆ. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯನ್ನಾಳಿದ ಶಿವಪ್ಪನಾಯಕನು ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ 5 ತರಗಳಾಗಿ ವಿಂಗಡಿಸಿ, ಪ್ರತಿ ತರದ ನೆಲವನ್ನೂ 12 ವರ್ಷ ಅರಮನೆಯ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಬಂದ ಫಸಲು, ಧಾರಣೆಗಳ ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ತೆರಿಗೆಯೆಂದು ಗೊತ್ತುಪಡಿಸಿದನೆಂಬುದು ಪರಂಪರೆಯ ಮಾತು. ಈ ನಿಗದಿಗೇ 'ಶಿಸ್ತು' ಎಂದು ಹೆಸರು. ಶಾಲೆಯ ಮಕ್ಕಳಿಗೆ ಇಂದು ಬೋಧಿಸುವ ಶಿಸ್ತು ಅದಲ್ಲ.

ಫಸಲನ್ನೇ ನೆಚ್ಚಿದ ಇನ್ನೊಂದು ಪ್ರಯತ್ನವನ್ನು 1820ರ ದಶಕದ ಕೊನೆಯಲ್ಲಿ ಪುಣೆಯ ಸುತ್ತಮುತ್ತ ಪ್ರಿಂಗಲ್ ಎಂಬ ಅಧಿಕಾರಿ ಕೈಗೊಂಡನು. ಸಾಗುವಳಿಯ ಖರ್ಚು ಕಳೆದು ಉಳಿಯುವ ನಿವ್ವಳ ಆದಾಯವೇ ಅವನ ಅಳತೆಗೋಲಾಗಿತ್ತು. ತತ್ತ್ವ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಬೇಕಾದ ಅಂಕಿಅಂಶಗಳು ನಂಬಲರ್ಹವಾಗಿರಲಿಲ್ಲ. ಕಂದಾಯದ ಭಾರ ತಾಳಲಾರದೆ ರೈತರು ಹೊಲಗಳನ್ನು ಬಿಟ್ಟು ಹೋದರು.

1835ರಲ್ಲಿ ಇಂದಾಪುರದಿಂದ ಕೆಲಸ ಆರಂಭಿಸಿದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು, ಫಸಲಿನ ಲೆಕ್ಕವನ್ನೇ ಬದಿಗಿರಿಸಿ ಮಣ್ಣನ್ನು ಅಗೆದು ನೋಡುವ ಕ್ರಮವನ್ನು ರೂಪಿಸಿದರು. ಬಣ್ಣ ಮತ್ತು ನವಿರನ್ನು ನೋಡಿ ಮಣ್ಣನ್ನು 3 ಜಾತಿಗಳಾಗಿ ಬೇರ್ಪಡಿಸಿ, ಆಳವನ್ನು ಮೊಳದಲ್ಲಿ ಅಳೆದು, ಎರಡನ್ನೂ ಕೂಡಿಸಿ 9 ವರ್ಗಗಳನ್ನು ಮಾಡಲಾಯಿತು. ಒಂದೂಮುಕ್ಕಾಲು ಮೊಳ ಆಳದ ನುಣುಪಾದ ಕಪ್ಪು ಎರೆಗೆ 16 ಆಣೆ. ಕಾಲು ಮೊಳದ ಗರಸು ಮಣ್ಣಿಗೆ 2 ಆಣೆ. ಸುಣ್ಣಕಲ್ಲಿನ ಹರಳು, ಮರಳಿನ ಬೆರಕೆ, ಇಳಿಜಾರು, ಮಳೆನೀರಿನ ಹರಿವು, ಒಸರು ಇವನ್ನು ದೋಷಗಳೆಂದು ಗುರುತಿಸಿ, ದೋಷವೊಂದಕ್ಕೆ ಒಂದು ವರ್ಗದಂತೆ ಇಳಿಸುತ್ತಿದ್ದರು. ಆಣೆ ಹೇಳುತ್ತಿದ್ದುದು ಹೊಲಹೊಲಗಳ ನಡುವಿನ ತಾರತಮ್ಯವನ್ನು ಮಾತ್ರ. ದರದ ಗರಿಷ್ಠ ಮಿತಿಯನ್ನು ಮಳೆ, ಪೇಟೆಯ ದೂರ ಮುಂತಾದವನ್ನು ಗಮನಿಸಿ ಊರುಗಳ ಗುಂಪಿಗೆ ಒಂದರಂತೆ ಗೊತ್ತುಮಾಡುತ್ತಿದ್ದುದರಿಂದ, 8 ಆಣೆಯ ಹೊಲ ಆ ದರದ ಅರ್ಧವನ್ನು ತೆತ್ತರೆ ಸಾಕಿತ್ತು. ಧಾರವಾಡ, ಬೆಳಗಾವಿಗಳಿಗೆ ಬಂದ ಈ ಪದ್ಧತಿಯನ್ನು 1863ರಿಂದ ಮೈಸೂರೂ ಅನುಸರಿಸಿತು. ಅಗೆದ ಗುಂಡಿಯನ್ನು ಯಾರು ಬೇಕಾದರೂ ಮತ್ತೆ ಪರೀಕ್ಷಿಸಬಹುದಾಗಿದ್ದುದೇ ಇದರ ದೊಡ್ಡ ಗುಣ. ಹನ್ನೆರಡು ವರ್ಷ ಕಾಯುವ ತಾಳ್ಮೆ ಯಾವ ಕಂಪನಿ ಸರ್ಕಾರಕ್ಕಿದ್ದೀತು?

ಕರಾವಳಿಯ ರೈತರು ಮಾತ್ರ ನೀರಿನ ನೆಲೆಯನ್ನು ನೋಡಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಕರೆಯುತ್ತಿದ್ದರು. ಎಷ್ಟು ಬೆಳೆ ಬರುತ್ತದೆಂಬುದು ಆ ಹೆಸರಿನಲ್ಲೇ ಅಡಗಿತ್ತು. ಆದರೆ ನೆಲ ಯಾವ ಬೆಳೆಗೆ ಯೋಗ್ಯ ಎಂಬ ಪ್ರಶ್ನೆ ಆಣೆಯ ಲೆಕ್ಕದಲ್ಲಿ ಇರಲೇ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಪ್ರಕಟಿಸಿದ ಭೂಮೌಲ್ಯಮಾಪನದ ಚೌಕಟ್ಟು ಆ ಪ್ರಶ್ನೆಯನ್ನೇ ಮುಂದಿಟ್ಟು, ಒಂದೇ ನೆಲ ಒಂದು ಬಳಕೆಗೆ ಅತಿಯೋಗ್ಯವಾಗಿದ್ದು ಇನ್ನೊಂದಕ್ಕೆ ಅಯೋಗ್ಯವಾಗಬಹುದೆಂದು ಒಪ್ಪಿಕೊಂಡಿತು. ಇದಕ್ಕೆ ನಿದರ್ಶನವೆಂಬಂತೆ, ಮಲಪ್ರಭಾ ಕಾಲುವೆಯ ನೀರು ಹರಿದ ಮೇಲೆ ನವಲಗುಂದ ಸೀಮೆಯ ಆಳವಾದ ಎರೆಯಲ್ಲಿ ಜವುಳು, ಸವಳು ಕಾಣಿಸಿಕೊಂಡವು. ನೀರನ್ನು ಬಸಿದುಹೋಗಲು ಬಿಡದ ಆ ಆಳವಾದ ಎರೆಗೇ ವಿಂಗೇಟನ ಕೋಷ್ಟಕ ಹೆಚ್ಚು ಆಣೆಗಳನ್ನು ಕೊಟ್ಟಿತ್ತು.