ಕ್ಯಾಶುವಾಲ್ಟಿಯ ಒಂದು ಸಾಲು: ನ್ಯೂಯಾರ್ಕಿನ ರೋಗನಿಗಾ ಪದ್ಧತಿ ಬೆಳೆದು ಬಂದ ಬಗೆ

ಕ್ಯಾಶುವಾಲ್ಟಿಗೆ ಬಂದವರನ್ನು ನರ್ಸ್ ಮೊದಲು ಕೇಳುವುದು, ಏನು ತೊಂದರೆ ಎಂದು. ಉತ್ತರವನ್ನು ನಾಲ್ಕೈದು ಪದಗಳಲ್ಲಿ ಗೀಚಿಕೊಳ್ಳುತ್ತಾರೆ: 'ಎರಡು ದಿನದಿಂದ ಜ್ವರ, ಕೆಮ್ಮು', 'ಬೆಳಿಗ್ಗೆಯಿಂದ ವಾಂತಿ'. ವೈದ್ಯರ ಬಾಯಲ್ಲಿ ಇದು ಚೀಫ್ ಕಂಪ್ಲೇಂಟ್. ಆ ಹೊತ್ತಿಗೆ ರಕ್ತ ಪರೀಕ್ಷೆಗೆ ಹೋಗಿರುವುದಿಲ್ಲ, ರೋಗಕ್ಕೆ ಹೆಸರು ಬಿದ್ದಿರುವುದಿಲ್ಲ. ಯಾರನ್ನು ಮೊದಲು ಒಳಗೆ ಕಳಿಸಬೇಕೆಂದು ತೀರ್ಮಾನಿಸಲು ಬರೆದ ಸಾಲು ಅದು. ಆ ಕೆಲಸ ಮುಗಿದರೆ ಕಡತ ಸೇರುತ್ತಿತ್ತು. ಇಡೀ ನಗರದ ಇಂಥ ಸಾಲುಗಳನ್ನು ದಿನದಿನವೂ ಎಣಿಸಿದರೆ ಸಾಂಕ್ರಾಮಿಕದ ಸುಳಿವು ಬೇಗ ಸಿಕ್ಕೀತು ಎಂಬ ವಿಚಾರ ನ್ಯೂಯಾರ್ಕಿನಲ್ಲಿ ಹೇಗೆ ಬೇರೂರಿತು, ಅದರಿಂದ ಕೈಗೆ ದಕ್ಕಿದ್ದೇನು ಎಂಬುದು ಈ ಲೇಖನದ ವಿಷಯ.

ಈ ವಿಚಾರದ ಬೆನ್ನಿಗೆ ಅಮೆರಿಕದ ಮಿಲ್ವಾಕಿ ನಗರ ತಿಂದ ಪೆಟ್ಟಿದೆ. 1993ರ ವಸಂತದಲ್ಲಿ ಅಲ್ಲಿನ ನಲ್ಲಿ ನೀರಿಗೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಸೇರಿ, ಅಂದಾಜು 4,03,000 ಜನ ಭೇದಿಗೆ ತುತ್ತಾದರು. ಲ್ಯಾಬ್ ವರದಿಗೆ ಮೊದಲೇ ಔಷಧಿ ಅಂಗಡಿಗಳಲ್ಲಿ ಭೇದಿಯ ಮಾತ್ರೆ ಖಾಲಿಯಾಗುತ್ತಿತ್ತು, ಶಾಲೆಗಳಲ್ಲಿ ಗೈರುಹಾಜರಿ ಏರಿತ್ತು. ನ್ಯೂಯಾರ್ಕಿನ ಆರೋಗ್ಯ ಇಲಾಖೆ ಇದರಿಂದ ಎಚ್ಚೆತ್ತು, ಭೇದಿ ಔಷಧಿಯ ಮಾರಾಟ, ಲ್ಯಾಬುಗಳಿಗೆ ಬರುವ ಮಲದ ಸ್ಯಾಂಪಲ್ಲುಗಳ ಸಂಖ್ಯೆ ಇವನ್ನೆಲ್ಲ ಲೆಕ್ಕ ಇಡತೊಡಗಿತು. 1998ರಲ್ಲಿ ಆಂಬುಲೆನ್ಸ್ ಕರೆಗಳನ್ನೂ ಫ್ಲೂ ಗುರುತಿಸಲು ಬಳಸಿಕೊಂಡಿತು. ಅಂದರೆ, ಈ ಪದ್ಧತಿ ಭಯೋತ್ಪಾದನೆಯ ಕೂಸು ಎಂಬ ಮಾತು ಅರ್ಧ ನಿಜ. ಅದರ ತೊಟ್ಟಿಲು ಕಲುಷಿತ ನೀರು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜೈವಿಕ ದಾಳಿಯೂ ನಡೆದೀತೆಂಬ ಆತಂಕ ಹುಟ್ಟಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸಿಬ್ಬಂದಿ ನಗರದ 15 ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಹಗಲಿರುಳು ಕುಳಿತು, ರೋಗಿಗಳ ಲಕ್ಷಣಗಳನ್ನು ಫಾರಂಗಳಲ್ಲಿ ದಾಖಲಿಸಿದರು. ಇಷ್ಟು ಜನರನ್ನು ಹೀಗೆ ತಿಂಗಳುಗಟ್ಟಲೆ ಕೂರಿಸುವುದು ಆಗದ ಮಾತಾಗಿತ್ತು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹೇಗೂ ಇರುವ ಸಾಲನ್ನೇ ತರಿಸಿಕೊಳ್ಳುವ ಏರ್ಪಾಡು ಆಗ ರೂಪುಗೊಂಡಿತು: ಬಂದ ದಿನ, ವಯಸ್ಸು, ಲಿಂಗ, ಮನೆಯ ಪಿನ್‌ಕೋಡ್, ಹೇಳಿಕೊಂಡ ತೊಂದರೆ. ರೋಗಿಯ ಹೆಸರು ಬೇಕಿರಲಿಲ್ಲ.

ಈ ಏರ್ಪಾಡಿನ ಒಳಗುಟ್ಟನ್ನು ಹತ್ತಿರದಿಂದ ನೋಡಬೇಕು. ಅವಸರದಲ್ಲಿ ಟೈಪಿಸಿದ ಸಾಲುಗಳಲ್ಲಿ ಕಾಗುಣಿತ ತಪ್ಪಿರುತ್ತದೆ, ಒಂದೊಂದು ಆಸ್ಪತ್ರೆಗೂ ಒಂದೊಂದು ಸಂಕ್ಷೇಪ. ಕಂಪ್ಯೂಟರಿಗೆ ಆ ತಪ್ಪುಗಳನ್ನೂ ಕಲಿಸಬೇಕಾಯಿತು. ಸಾಲುಗಳನ್ನು ಲಕ್ಷಣದ ಪ್ರಕಾರ ಗುಂಪುಗಳಾಗಿ ವಿಂಗಡಿಸುವಾಗ ಒಬ್ಬ ರೋಗಿಗೆ ಒಂದೇ ಗುಂಪು ಎಂಬುದು ನಿಯಮ. ಜ್ವರವೂ ಇದೆ ಕೆಮ್ಮೂ ಇದೆ ಎಂದರೆ ಉಸಿರಾಟದ ಗುಂಪಿಗೆ, ವಾಂತಿಯೂ ಭೇದಿಯೂ ಇದ್ದರೆ ಭೇದಿಯ ಗುಂಪಿಗೆ. ಆ ದಿನದ ಲೆಕ್ಕವನ್ನು ಹಿಂದಿನ ದಿನಗಳೊಡನೆ ಹೋಲಿಸಿ, ಯಾವುದಾದರೂ ಬಡಾವಣೆಯಲ್ಲಿ ಗುಂಪುಗಟ್ಟಿದೆಯೇ ಎಂದೂ ನೋಡಿ, ಎಣಿಕೆ ವಾಡಿಕೆ ಮೀರಿದ್ದರೆ ಸಂಖ್ಯಾಶಾಸ್ತ್ರದ ಸೂತ್ರ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬಂದಾಗ ಆಸ್ಪತ್ರೆಗೆ ಫೋನು ಹಚ್ಚಿ ವಿಚಾರಿಸುವುದು ಮಾತ್ರ ಮನುಷ್ಯರೇ.

2001ರ ನವೆಂಬರ್ 15ರಿಂದ ಮೊದಲ ಒಂದು ವರ್ಷದಲ್ಲಿ 39 ತುರ್ತು ವಿಭಾಗಗಳಿಂದ 25 ಲಕ್ಷ ಭೇಟಿಗಳ ಮಾಹಿತಿ ಬಂತು. ನಗರದ ಒಟ್ಟು ಭೇಟಿಗಳಲ್ಲಿ ಇದು ಸುಮಾರು ಶೇ. 75. ಜ್ವರದ ಗುಂಪಿನ ಎಚ್ಚರಿಕೆಗಳಲ್ಲಿ ಶೇ. 95, ಉಸಿರಾಟದ ಗುಂಪಿನವುಗಳಲ್ಲಿ ಶೇ. 64 ಫ್ಲೂ ಏರಿದ್ದ ವಾರಗಳಲ್ಲೇ ಬಂದವು. ಭೇದಿಯ ಶೇ. 83, ವಾಂತಿಯ ಶೇ. 88 ಎಚ್ಚರಿಕೆಗಳು ನೊರೊವೈರಸ್, ರೊಟಾವೈರಸ್ ಹರಡುತ್ತಿದ್ದವೆಂದು ಶಂಕಿಸಿದ ದಿನಗಳವು. ಜೈವಿಕ ಅಸ್ತ್ರಕ್ಕೆ ಕಾವಲು ಕುಳಿತವರ ಬಲೆಗೆ ಬಿದ್ದದ್ದು ಊರಿನ ನಿತ್ಯದ ಕಾಯಿಲೆಗಳು. ನನಗೆ ಇದು ಸೋಲಾಗಿ ಕಾಣುವುದಿಲ್ಲ. ಪ್ರತಿವರ್ಷ ಜನರನ್ನು ಹಾಸಿಗೆ ಹಿಡಿಸುವ ರೋಗಗಳ ದಿನವಹಿ ಲೆಕ್ಕ ಯಾವ ನಗರಕ್ಕಾದರೂ ಬೇಕು.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದ ವಿದ್ಯುತ್ ಜಾಲ ಕುಸಿದು ನಗರ ಕತ್ತಲಾಯಿತು. ಫ್ರಿಜ್ಜುಗಳು ನಿಂತವು, ಮಾಂಸ ಬೆಚ್ಚಗಾಯಿತು. ನಂತರದ ದಿನಗಳಲ್ಲಿ ಭೇದಿಯ ಗುಂಪು ನಗರದುದ್ದಕ್ಕೂ ಏರಿತು. ವಿಚಾರಣೆ ನಡೆಸಿದಾಗ, ಕರೆಂಟ್ ಹೋದ ಮೇಲೆ ಮಾಂಸ, ಸಮುದ್ರದ ಆಹಾರ ತಿಂದದ್ದರ ಕಡೆಗೆ ಸುಳಿವು ಬೊಟ್ಟು ಮಾಡಿತು. ಊರೆಲ್ಲ ಚದುರಿದ್ದ ಇಂಥ ರೋಗಿಗಳನ್ನು ಒಬ್ಬೊಬ್ಬ ವೈದ್ಯರು ಒಬ್ಬಿಬ್ಬರಂತೆ ನೋಡಿರುತ್ತಾರೆ. ಒಟ್ಟು ಚಿತ್ರ ಎಣಿಕೆಗೆ ಮಾತ್ರ ಕಾಣುವಂಥದ್ದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. 2001ರಲ್ಲಿ ಅಂಚೆಯ ಮೂಲಕ ಹರಡಿದ ಆಂಥ್ರಾಕ್ಸಿನ ಮೊದಲ ರೋಗಿಯನ್ನು ಗುರುತಿಸಿದ್ದು ಫ್ಲಾರಿಡಾದ ಆಸ್ಪತ್ರೆಯೊಂದರ ವೈದ್ಯರ ಕಣ್ಣು. 2009ರ ಏಪ್ರಿಲ್‌ನಲ್ಲಿ ಹಂದಿಜ್ವರ ನ್ಯೂಯಾರ್ಕಿಗೆ ಕಾಲಿಟ್ಟದ್ದನ್ನು ಬಯಲಿಗೆ ತಂದವರು ಕ್ವೀನ್ಸ್‌ನ ಶಾಲೆಯೊಂದರ ನರ್ಸ್. ಜ್ವರವೆಂದು ತಮ್ಮ ಕೋಣೆಗೆ ಸಾಲುಗಟ್ಟಿದ ಮಕ್ಕಳನ್ನು ಕಂಡು ಇಲಾಖೆಗೆ ತಿಳಿಸಿದರು. ದಿನಕ್ಕೆ ಸಾವಿರಾರು ಭೇಟಿಗಳ ರಾಶಿಯಲ್ಲಿ ನಾಲ್ಕೈದು ರೋಗಿಗಳು ಮುಳುಗಿಹೋಗುತ್ತಾರೆ. ಮೊದಲ ರೋಗಿಯನ್ನು ಹಿಡಿಯುವುದು ಎಣಿಕೆಯ ಕೆಲಸವಲ್ಲ. ಎಷ್ಟು ಹಬ್ಬಿದೆ, ಎಲ್ಲಿ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವುದು ಅದರ ಕೆಲಸ. 2020ರ ಮಾರ್ಚ್‌ನಲ್ಲಿ ಕೊರೊನಾ ಪರೀಕ್ಷೆಗೆ ಕಿಟ್ಟುಗಳೇ ಸಾಲದಿದ್ದಾಗ, ಫ್ಲೂನಂಥ ಲಕ್ಷಣಗಳಿಂದ ತುರ್ತು ವಿಭಾಗಕ್ಕೆ ಬಂದವರ ಸಂಖ್ಯೆ ನ್ಯೂಯಾರ್ಕಿನಲ್ಲಿ ಏರುತ್ತಿದ್ದುದು ಇದೇ ಲೆಕ್ಕದಲ್ಲಿತ್ತು.

ಭಾರತದಲ್ಲಿ ಲಕ್ಷಣ ಎಣಿಸುವ ಪದ್ಧತಿ ಕ್ಯಾಶುವಾಲ್ಟಿಯಿಂದ ಶುರುವಾಗಲಿಲ್ಲ, ಹಳ್ಳಿಯ ಮನೆಬಾಗಿಲಿನಿಂದ ಶುರುವಾಯಿತು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ ತುಂಬುವ 'ಎಸ್' ಫಾರಂ ಲಕ್ಷಣಗಳದ್ದು, ವೈದ್ಯರ 'ಪಿ' ಫಾರಂ ಶಂಕಿತ ರೋಗದ್ದು, ಲ್ಯಾಬಿನ 'ಎಲ್' ಫಾರಂ ಖಚಿತವಾದದ್ದು. 2018ರಲ್ಲಿ ಇದರ ಡಿಜಿಟಲ್ ರೂಪ ಮೊದಲು ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಸರಿಲ್ಲದ ರೋಗವನ್ನು ಸುಳಿವಿನಿಂದ ಹಿಡಿಯುವುದು ನಮಗೆ ಹೊಸತೇನಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸತ್ತು ಬಿದ್ದ ಮಂಗಗಳೇ ಸುಳಿವಾದವು. ಆಗ ಕಂಡ ಆ ರೋಗವನ್ನು ಮಲೆನಾಡಿನವರು ಇಂದಿಗೂ ಮಂಗನ ಕಾಯಿಲೆ ಎನ್ನುತ್ತಾರೆ.

ನಮ್ಮ ದೊಡ್ಡಾಸ್ಪತ್ರೆಗಳ ಕ್ಯಾಶುವಾಲ್ಟಿಯ ಸಾಲುಗಳನ್ನು ಹೀಗೆ ಎಣಿಸಹೊರಟರೆ ಮೊದಲ ತೊಡಕು ಭಾಷೆಯದು. ರೋಗಿ ಹೇಳುವುದು 'ಸುಸ್ತು', 'ಮೈಕೈ ನೋವು', 'ಹೊಟ್ಟೆ ತೊಳಸ್ತಿದೆ' ಎಂದು, ದಾಖಲಾಗುವುದು ಇಂಗ್ಲಿಷಿನಲ್ಲಿ. ಹೊಟ್ಟೆ ತೊಳಸುತ್ತಿದೆ ಎಂದವರು ವಾಂತಿಯ ಗುಂಪಿಗೋ ಭೇದಿಯ ಗುಂಪಿಗೋ? ಬೀದರಿನ ರೋಗಿ, ಮಂಗಳೂರಿನ ರೋಗಿ ಅದನ್ನೇ ಹೇಗೆ ಹೇಳುತ್ತಾರೆ? ಆ ಪದಗಳ ಪಟ್ಟಿ ಮಾಡಲು ನರ್ಸುಗಳ ಪಕ್ಕ ಕುಳಿತು ಕೇಳಿಸಿಕೊಳ್ಳಬೇಕು; ಸಂಶೋಧನೆ ಶುರುವಾಗಬೇಕಾದದ್ದು ಅಲ್ಲಿಂದ.